ಕೆಂಪನ ಫೋನಿಗೆ ನಾನು ಹೇಳಿದ ಹೂಂ

ಆ ಫೋನು ಎತ್ತಿದವನು ನಾನು. ಕೆಂಪರಾಜು ಅಲ್ಲ — ನಾನು. ಅವನ ದೊಡ್ಡವ್ವ ಸಾಯುತ್ತಿದ್ದಾಳೆ ಅನ್ನುವ ಸುದ್ದಿ ಆ ಫೋನಿನಲ್ಲಿ ಬಂತು. ಕೇಳಿಸಿಕೊಂಡು, ಅವನ ಬದಲಿಗೆ ‘ಹೂಂ’ ಅಂದು, ಫೋನು ಆಫ್ ಮಾಡಿ ಜೇಬಿಗೆ ಹಾಕಿಕೊಂಡವನು ನಾನೇ. ಯಾಕೆ? ಒಂದು ಫುಟ್‌ಬಾಲ್ ಮ್ಯಾಚಿಗಾಗಿ. ಟೀವಿಯಲ್ಲಲ್ಲ, ಕಣ್ಣೆದುರಿಗೆ ನಡೆಯುವ ದೊಡ್ಡ ತಂಡಗಳ ಮ್ಯಾಚನ್ನು ಬದುಕಿನಲ್ಲಿ ಮೊದಲ ಸಲ ನೋಡಬೇಕು ಅನ್ನುವ ಹುಚ್ಚಿಗಾಗಿ. ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಅಂತ ನೆನೆದರೆ ನನಗೆ ನನ್ನ ಮೇಲೆಯೇ ಮೈ ಉರಿಯುತ್ತದೆ.

ನೀವು ಕೇಳಿದ್ದು ಬೇರೆ ಅಂತ ಗೊತ್ತು. ‘ನಿಮ್ಮ ಮೊದಲ ಮ್ಯಾಚಿನ ನೆನಪು ಬರೆಯಿರಿ, ಜೊತೆಗೊಂದು ಫೋಟೋ ಕಳಿಸಿ’ ಅಂತ ನಮ್ಮ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದಿರಿ. ನಾನೂ ಕಳಿಸಿದೆನಲ್ಲ? ಮಳವಳ್ಳಿ ಕಡೆಯ ಇಬ್ಬರು ಗೆಳೆಯರು ಮೊದಲ ಬಸ್ಸು ಹಿಡಿದು ಬೆಂಗಳೂರಿಗೆ ಬಂದದ್ದು, ಮುಖಕ್ಕೆ ನೀಲಿ ಬಣ್ಣ ಬಳಿಸಿಕೊಂಡದ್ದು, ಮೆಟ್ಟಿಲು ಹತ್ತಿ ಮೈದಾನದ ಹಸಿರು ಕಂಡದ್ದು. ನೀವು ಹೃದಯದ ಗುರುತು ಒತ್ತಿದಿರಿ, ಚಪ್ಪಾಳೆ ತಟ್ಟಿದಿರಿ. ‘ಸ್ವಾಮಿ ಅಣ್ಣ, ರೋಮಾಂಚನ ಆಯ್ತು’ ಅಂದಿರಿ. ಕೆಂಪನ ಆ ನಗುವ ಫೋಟೋವನ್ನು ದೊಡ್ಡದು ಮಾಡಿಸಿ ಬ್ಯಾನರಿಗೆ ಹಾಕುತ್ತೇವೆ ಅಂದಿರಿ. ನಾನು ಕೈಮುಗಿಯುವ ಗುರುತು ಹಾಕಿ ಸುಮ್ಮನಾದೆ. ಥೂ ನನ್ನ ಜನ್ಮಕ್ಕೆ! ಬರೆದದ್ದರಲ್ಲಿ ಸುಳ್ಳು ಇರಲಿಲ್ಲ, ನಿಜ — ಒಂದು ಫೋನ್ ಕರೆ ಇರಲಿಲ್ಲ ಅಷ್ಟೆ. ಅದನ್ನು ಈಗ ಸೇರಿಸುತ್ತಿದ್ದೇನೆ.

ಕೆಂಪ ನನ್ನ ವಾರಗೆಯವನು. ಹುಟ್ಟಿದೂರು ಬೇರೆ. ಹಾಲು ಕುಡಿಯುವ ವಯಸ್ಸಿನಲ್ಲೇ ತಾಯಿ ಹೋದಳು ಅಂತ ತಾಯಿಯ ಅಕ್ಕ ನಿಂಗಮ್ಮ ಅವನನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮೂರಿಗೆ ತಂದಳು. ಅವಳಿಗೆ ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅವಳೇ ಕೆಂಪನ ದೊಡ್ಡವ್ವ. ನಮ್ಮಲ್ಲಿ ಸಾಯುವವರ ಬಾಯಿಗೆ ಮಕ್ಕಳು ನೀರು ಬಿಡಬೇಕು, ಗುಂಡಿಗಿಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಅವರೇ ಹಾಕಬೇಕು. ‘ನನ್ ಬಾಯ್ಗೆ ನೀರ್ ಬುಡೋನು ಇವ್ನೇ ಕಣ್ರಪ್ಪಾ’ ಅಂತ ನಿಂಗಮ್ಮ ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೇ ಊರಿಗೆಲ್ಲ ಸಾರಿಬಿಟ್ಟಿದ್ದಳು. ಪಕ್ಕದ ಮನೆಯಲ್ಲಿದ್ದ ಅವಳ ಮೈದುನನ ಮಗ ಜವರ ಅದಕ್ಕೆ ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಜವರನ ಹೆಸರನ್ನು ನಾನು ಆಮೇಲೆ ಎಷ್ಟು ಕೆಡಿಸಿದೆ ಅನ್ನುವುದು ನಿಮಗೆ ಗೊತ್ತಾಗಬೇಕು.

ಫುಟ್‌ಬಾಲ್ ನಮಗೆ ಹತ್ತಿದ್ದು ಭಾರತೀನಗರದಲ್ಲಿ ಓದುವಾಗ. ಹಾಸ್ಟೆಲಿನ ಟೀವಿಯಲ್ಲಿ ಯಾವುದೋ ದೇಶ ಯಾವುದೋ ದೇಶದ ಮೇಲೆ ಆಡುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆವು. ಕಬ್ಬಿನ ಲಾರಿಗಳು ಬಾರದ ತಿಂಗಳುಗಳಲ್ಲಿ ಸಕ್ಕರೆ ಕಾರ್ಖಾನೆಯ ಹಿಂದಿನ ಬಯಲು ಖಾಲಿ ಬಿದ್ದಿರುತ್ತಿತ್ತು. ಅಲ್ಲೇ ನಮ್ಮ ಆಟ. ಕೆಂಪ ಗೋಲ್ ಕೀಪರ್. ಅವನ ಕೈಗಳು ಮೊರದಷ್ಟಗಲ, ಅವನನ್ನು ದಾಟಿ ಚೆಂಡು ಹೋಗುವುದು ಅಪರೂಪ. ನಾನು ಮುಂದೆ ಆಡುವವನು — ಆಟಕ್ಕಿಂತ ಬಾಯಿಯೇ ಜಾಸ್ತಿ. ಓದು ಮುಗಿದ ಮೇಲೆ ಅವನು ನಿಂಗಮ್ಮನ ಹಿಪ್ಪುನೇರಳೆ ತೋಟಕ್ಕೆ, ರೇಷ್ಮೆ ಹುಳುವಿಗೆ ಅಂಟಿಕೊಂಡ. ನಾನು ಮಳವಳ್ಳಿ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟೆ. ಅವನಿಗೆ ಆ ಆಟ ಅಲ್ಲಿಗೆ ಮುಗಿಯಿತು, ನನಗೆ ಮುಗಿಯಲಿಲ್ಲ. ಸುತ್ತಲ ಹಳ್ಳಿಯಲ್ಲೆಲ್ಲ ಕಬಡ್ಡಿ, ಕ್ರಿಕೆಟ್ಟು. ‘ಇಪ್ಪತ್ತೆರಡು ಜನ ಒಂದ್ ಚೆಂಡ್ಗೆ ಕಿತ್ತಾಡೋದ್ನ ಏನ್ ನೋಡ್ತೀಯಲಾ’ ಅನ್ನುವವರ ನಡುವೆ ನಾನೊಬ್ಬನೇ ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡುತ್ತಿದ್ದೆ. ಬೆಂಗಳೂರಿಗೇ ಒಂದು ದೊಡ್ಡ ತಂಡ ಬಂತು ಅಂದಾಗ ನನಗೆ ತಲೆ ನಿಲ್ಲಲಿಲ್ಲ. ಅಂಗಡಿಗೆ ಸಾಮಾನು ಕಳಿಸುವವರೊಬ್ಬರ ಕಡೆಯಿಂದ ಎರಡು ಟಿಕೇಟು ಹೊಂದಿಸಿಕೊಂಡು ನೇರ ಕೆಂಪನ ಮನೆಗೆ ಹೋದೆ.

‘ದೊಡ್ಡವ್ವುನ್ಗೆ ಮೈ ನೆಟ್ಟಗಿಲ್ಲ ಕಣ್ಲಾ. ಇನ್ನೊಂದ್ ದಪ ನೋಡನ’ ಅಂದ ಕೆಂಪ. ಎರಡು ದಿನದಿಂದ ಅವಳಿಗೆ ಜ್ವರ. ನಾನು ರೇಗಿದೆ. ಜ್ವರ ಯಾರಿಗೆ ಬರಲ್ಲ, ನಿನ್ನಂಥವನನ್ನು ಕಟ್ಟಿಕೊಂಡು ನಾನು ಎಲ್ಲಿಗೂ ಹೋಗೋ ಹಾಗಿಲ್ಲ ಅಂತ ಕೂಗಾಡಿದೆ. ಒಳಗೆ ಚಾಪೆಯ ಮೇಲೆ ಮಲಗಿದ್ದ ನಿಂಗಮ್ಮನಿಗೆ ಅದು ಕೇಳಿಸಿತು. ‘ಓಗ್ಬಾ ಮಗಾ. ಅವ್ನ್ ಆಸೆ ಪಟ್ಟವ್ನೆ. ಅದೇನ್ ಆಟವೋ ನೋಡ್ಕಂಡ್ ಬಂದು ನಂಗೂ ಯೋಳು’ ಅಂದಳು. ಅವಳ ಬಾಯಿಂದ ನಾನು ಕೇಳಿದ… ಇಲ್ಲ, ಅದು ಕೊನೆಯ ಮಾತಲ್ಲ. ಅದನ್ನು ಆಮೇಲೆ ಬರೆಯುತ್ತೇನೆ.

ಮ್ಯಾಚು ಇದ್ದದ್ದು ಮಧ್ಯಾಹ್ನ ಇಳಿದ ಮೇಲೆ. ನಾವು ಬೆಳಿಗ್ಗೆಯೇ ಬಂದು ಸ್ಟೇಡಿಯಮ್ಮಿನ ಹೊರಗೆ ಸುತ್ತುತ್ತಿದ್ದೆವು. ಬಿಸಿಲು ಏರುವ ಹೊತ್ತಿಗೆ ಬಾವುಟ ಹಿಡಿದವರು, ತಮಟೆ ಬಡಿಯುವವರು ಸೇರತೊಡಗಿದರು. ರಸ್ತೆ ಪಕ್ಕ ಒಬ್ಬ ಹುಡುಗಿ ಮುಖಕ್ಕೆ ಬಣ್ಣ ಬಳಿಯುತ್ತಿದ್ದಳು. ಕೆಂಪ ‘ಬ್ಯಾಡ ಕಣ್ಲಾ, ನಾಚ್ಕೆ ಆಯ್ತದೆ’ ಅಂದ. ನಾನೇ ಅವನ ಹೆಗಲು ಒತ್ತಿ ಕೂರಿಸಿದೆ. ಬಳಿದಾದ ಮೇಲೆ ಅವಳ ಕನ್ನಡಿಯಲ್ಲಿ ನೋಡಿಕೊಂಡು ಅವನಿಗೇ ನಗು ತಡೆಯಲಾಗಲಿಲ್ಲ. ಫೋನು ನನ್ನ ಕೈಗೆ ಕೊಟ್ಟ. ‘ಒಂದ್ ಫೋಟೋ ತೆಗಿ. ದೊಡ್ಡವ್ವುನ್ಗೆ ತೋರುಸ್ಬೇಕು, ಬಿದ್ದೂ ಬಿದ್ದೂ ನಗ್ತಾಳೆ’ ಅಂದ. ಬಾವುಟವೂ ಬರಲಿ ಅಂತ ನಾನು ಹಿಂದೆ ಹಿಂದೆ ಸರಿದೆ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಜವರನ ಹೆಸರು.

ಬೆನ್ನು ತಿರುಗಿಸಿ ಕಿವಿಗಿಟ್ಟುಕೊಂಡೆ. ಹಲೋ ಅನ್ನುವುದಕ್ಕೂ ಬಿಡದೆ ಜವರ ಹೇಳಿದ — ‘ಕೆಂಪಾ, ದೊಡ್ಡವ್ವುನ್ಗೆ ಉಸ್ರು ಎಳೀತಾ ಅದೆ ಕಣ್ಲಾ. ಡಾಕ್ಟ್ರು ಕೈ ಚೆಲ್ಬುಟ್ರು. ನಿನ್ನೇ ಕೇಳ್ತಾವ್ಳೆ. ಇದ್ದಂಗೇ ಒಂಟ್ ಬಾ.’

ಸುತ್ತ ತಮಟೆ. ನಾನು ಕೆಂಪ ಅಲ್ಲ ಅಂತ ಹೇಳಬಹುದಿತ್ತು. ತಿರುಗಿ, ಇಪ್ಪತ್ತು ಹೆಜ್ಜೆ ಆಚೆ ಹಲ್ಲು ಬಿಟ್ಟುಕೊಂಡು ನಿಂತಿದ್ದವನ ಕೈಗೆ ಫೋನು ಕೊಡಬಹುದಿತ್ತು. ನಾನು ಅಂದದ್ದು — ‘ಹೂಂ.’

ಕಟ್ ಮಾಡಿದೆ. ಕರೆ ಬಂದ ಗುರುತನ್ನೂ ಅಳಿಸಿದೆ. ಬೆರಳಿಗೆ ಅಭ್ಯಾಸವಾದ ಕೆಲಸ ಅದು, ಕಣ್ಣು ಮುಚ್ಚಿಯೂ ಮಾಡುತ್ತೇನೆ.

‘ಯಾರ್ಲಾ ಅದು?’ ಅಂತ ಕೂಗಿದ ಕೆಂಪ.

‘ಯಾವ್ದೋ ಕಂಪ್ನಿಯೋರು ಕಣ್ಲಾ. ರೀಚಾರ್ಜು ಮಾಡ್ಸಿ ಅಂತಾವ್ರೆ. ನೀನ್ ನಗು!’

ನಕ್ಕ. ನಾನು ಒತ್ತಿದೆ. ನೀವು ಬ್ಯಾನರಿಗೆ ಹಾಕಿಸುತ್ತಿರುವುದು ಆ ನಗು.

ಮುದುಕಿಗೆ ಹಿಂದೊಮ್ಮೆಯೂ ಹೀಗೆ ಉಸಿರು ಎಳೆದಿತ್ತು, ಮಾರನೆಯ ದಿನ ಎದ್ದು ಕೂತು ಗಂಜಿ ಕುಡಿದಿದ್ದಳು. ಆಟ ಮುಗಿಸಿಕೊಂಡು ಹೇಳಿದರಾಯಿತು — ಹೀಗಂತ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನೆಪ ಅಂತ ಆಗಲೇ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಗುರುತು ಯಾಕೆ ಅಳಿಸುತ್ತಿದ್ದೆ? ಹೇಳಿದರೆ ಕೆಂಪ ಆ ಬಣ್ಣದ ಮುಖದಲ್ಲೇ ಬಸ್ಸಿಗೆ ಓಡುತ್ತಿದ್ದ, ನಾನೂ ಜೊತೆಗೆ ಹೋಗಬೇಕಾಗುತ್ತಿತ್ತು, ಮ್ಯಾಚು ಕೈತಪ್ಪುತ್ತಿತ್ತು. ಲೆಕ್ಕ ಇಷ್ಟೇ. ‘ಚಾರ್ಜು ಕಮ್ಮಿ ಅದೆ, ಆಫ್ ಮಾಡಿವ್ನಿ’ ಅಂತ ಅವನ ಫೋನನ್ನು ನನ್ನ ಜೇಬಿಗೇ ಹಾಕಿಕೊಂಡೆ. ನನ್ನದನ್ನೂ ಆಫ್ ಮಾಡಿದೆ.

ಮ್ಯಾಚು ಹೇಗಿತ್ತು ಅಂತ ಕೇಳುತ್ತೀರಾ? ಚೆನ್ನಾಗಿತ್ತು. ಇದನ್ನೂ ಬರೆಯುತ್ತೇನೆ — ನಾನು ಸುಖಪಟ್ಟೆ. ಬತ್ತದ ಸಸಿಮಡಿಯ ಹಾಗೆ ಹಸಿರಾಗಿದ್ದ ಆ ಮೈದಾನ, ಚೆಂಡು ಒದ್ದ ಸದ್ದು ಒಂದು ಗಳಿಗೆ ತಡವಾಗಿ ಕಿವಿಗೆ ಬರುವುದು, ಸಾವಿರಾರು ಜನ ಒಟ್ಟಿಗೇ ಉಸಿರು ಬಿಗಿಹಿಡಿಯುವುದು… ಟೀವಿಯಲ್ಲಿ ಇದ್ಯಾವುದೂ ಇಲ್ಲ. ನಮ್ಮ ತಂಡ ಗೋಲು ಹೊಡೆದಾಗ ಕೆಂಪ ನನ್ನನ್ನು ಮಗುವಿನ ಹಾಗೆ ಎತ್ತಿ ಕುಣಿಸಿದ. ‘ನಿನ್ನಿಂದ ಇದ್ನೆಲ್ಲಾ ನೋಡ್ದೆ ಕಣ್ಲಾ ಸ್ವಾಮಿ’ ಅಂದ. ಅವನ ಕೆನ್ನೆಯ ನೀಲಿ ನನ್ನ ಅಂಗಿಗೆ ಹತ್ತಿತು. ನಾನು ಕೂಗುತ್ತಿದ್ದೆ. ಒಂದೊಂದು ಸಲ ಆ ಕರೆ ನೆನಪಿಗೆ ಬರುತ್ತಿತ್ತು. ಇನ್ನೂ ಜೋರಾಗಿ ಕೂಗುತ್ತಿದ್ದೆ.

ಮುಗಿದ ಮೇಲಾದರೂ ಹೇಳಿದೆನಾ? ಇಲ್ಲ. ಈಗ ಹೇಳಿದರೆ ‘ಯಾವಾಗ ಬಂತು ಫೋನು’ ಅಂತ ಕೇಳುತ್ತಾನಲ್ಲ! ಕೆಂಗೇರಿಯಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಲ್ಲಿ ಉಳಿದೆವು. ಫೋನು ಕೇಳಿದ, ಚಾರ್ಜು ಪೂರ್ತಿ ಹೋಗಿದೆ, ಇಲ್ಲಿಯ ಚಾರ್ಜರು ನಿನ್ನದಕ್ಕೆ ಆಗುವುದಿಲ್ಲ, ಊರಿಗೆ ಹೋಗಿ ಹಾಕಿಕೊ ಅಂದೆ. ನಂಬಿದ. ನಾನು ಏನು ಹೇಳಿದರೂ ನಂಬುತ್ತಿದ್ದ ಅವನು.

ಬೆಳಿಗ್ಗೆ ಬಸ್ಸು ಇಳಿದಾಗ ಗೂಡಂಗಡಿಯ ಮಾದಣ್ಣ ಕೆಂಪನ ಮುಖವನ್ನೇ ನೋಡಿದ. ತೊಳೆದಿದ್ದರೂ ಆ ಕೆಟ್ಟ ಬಣ್ಣ ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಕತ್ತಿನಲ್ಲಿ ಹಾಗೇ ಉಳಿದಿತ್ತು. ‘ಈಗ್ ಬಂದ್ಯೇನಪ್ಪಾ?’ ಅಂದ ಮಾದಣ್ಣ. ‘ಮಣ್ಣಾಯ್ತಲ್ಲಪ್ಪ. ನೆನ್ನೆ ಒತ್ ಮುಳ್ಗೋಗಂಟ ಕಾಯ್ದ್ರು. ಇವತ್ತು ಅಮಾಸೆ, ಮಡಿಕಳಂಗಿರ್ನಿಲ್ಲ. ಜವರ್‍ನೇ ಮಣ್ ಆಕ್ದ.’

ಕೆಂಪನಿಗೆ ಮೊದಲು ಅರ್ಥವೇ ಆಗಲಿಲ್ಲ. ನನ್ನ ಮುಖ ನೋಡಿದ. ಆಮೇಲೆ ಓಡಿದ. ನಿಂಗಮ್ಮನನ್ನು ಅವಳ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಮಣ್ಣು ಮಾಡಿದ್ದರು. ಹಸಿ ಮಣ್ಣಿನ ಮೇಲೆ ಬೋರಲಾಗಿ ಬಿದ್ದು ಅವನು ಅತ್ತ ಸದ್ದು — ಅದನ್ನು ಬರೆಯಲಾರೆ. ನೋಡುವುದಕ್ಕೆ ಬಂದ ಹೆಂಗಸರಲ್ಲಿ ಒಬ್ಬಳು ‘ಮೊಕಾನಾದ್ರೂ ನೆಟ್ಟಗ್ ತೊಳ್ಕಂಡ್ ಬರ್ಬಾರ್ದಾ ಮುಂಡೇದು’ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೂರನೆಯ ದಿನ ಹಾಲುತುಪ್ಪ, ಅಂದರೆ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡುವ ಶಾಸ್ತ್ರ. ಊರೆಲ್ಲ ಸೇರಿತ್ತು. ಮಣ್ಣು ಹಾಕಿದವನು ಅಂತ ಜವರನ ಕೈಗೇ ಚೊಂಬು ಕೊಟ್ಟಿದ್ದರು. ಅವನು ಹಾಲು ಬಿಡುವುದಕ್ಕೆ ಮುಂಚೆ ತಿರುಗಿ ನಿಂತು ಎಲ್ಲರೆದುರಿಗೆ ಕೇಳಿದ — ‘ಲೇ ಕೆಂಪಾ, ಒಂದ್ ಮಾತ್ ಯೋಳು. ಬತ್ತಾ ಇವ್ನಿ ಅಂತ ನೀನೇ ಅಂದ್ಯಲ್ಲಾ? ಫೋನ ಅವ್ಳ್ ಕಿವಿಗೇ ಇಡ್ದಿದ್ನಲ್ಲಾ ನಾನು? ಆಮೇಕೆ ನೀರ್ ಬುಡಕ್ಕೋದ್ರೆ ಬಾಯ್ ಬಿಗ್ದ್ಕಂಡ್ಳು ಕಣ್ಲಾ! ಕೆಂಪ ಬತ್ತಾವ್ನೆ, ಅವ್ನೇ ಬುಡ್ಲಿ ಅಂದ್ಳು. ಬಾಗ್ಲು ನೋಡ್ಕಂಡು ಅಂಗೇ ಓದ್ಳು. ಎಲ್ಲೋಗಿದ್ಯೋ?’

ಅದು ನಿಜ. ಮೇಲೆ ಬರೆಯುವಾಗ ನಾನು ಅದನ್ನು ಬಿಟ್ಟೆ — ನೋಡಿ, ತಪ್ಪೊಪ್ಪಿಕೊಳ್ಳುತ್ತೇನೆ ಅಂತ ಕೂತಾಗಲೂ ಈ ನನ್ನ ಬುದ್ಧಿ ಹೇಗೆ ಜಾರುತ್ತದೆ! ನನ್ನ ‘ಹೂಂ’ ಆದ ಮೇಲೆ ಕರೆ ಮುಗಿಯಲಿಲ್ಲ. ಜವರ ‘ತಡಿ, ಅವ್ಳ್ ಕಿವಿಗಿಡ್ತೀನಿ’ ಅಂದ. ಗೊರಗೊರ ಉಸಿರು ಕೇಳಿಸಿತು. ಆಮೇಲೆ ಅವಳ ಮಾತು — ‘ಬತ್ತಾ ಇದ್ದೀಯೇನ್ಲಾ ಮಗಾ?’ ನಾನು, ಈ ಪುಟ್ಟಸ್ವಾಮಿ, ಕೆಂಪನ ದನಿ ಮಾಡಿಕೊಂಡು ಅಂದೆ — ‘ಹೂಂ ದೊಡ್ಡವ್ವ, ಬತ್ತಾ ಇವ್ನಿ.’ ‘ಬಾ, ಕಾಯ್ತಿರ್ತೀನಿ’ ಅಂದಳು. ಅದು ನಾನು ಕೇಳಿದ ಅವಳ ಕೊನೆಯ ಮಾತು. ಅವಳು ಕೊನೆಗೆ ನಂಬಿದ್ದು ನನ್ನ ಸುಳ್ಳನ್ನು, ಆ ಸುಳ್ಳಿಗಾಗಿ ಬಾಯಿ ಬಿಗಿದುಕೊಂಡು ಒಣಗಿದ ಗಂಟಲಲ್ಲಿ ಪ್ರಾಣ ಬಿಟ್ಟಳು.

ಹಾಲುತುಪ್ಪದ ದಿನ ಕೆಂಪ ತಲೆ ಎತ್ತಿ ಹೇಳಿದ — ‘ನಂಗ್ಯಾವ್ ಫೋನೂ ಬರ್ನಿಲ್ಲ.’ ಜವರ ಚೊಂಬು ಕುಕ್ಕಿದ. ಸತ್ತವಳ ಗುಡ್ಡೆಯ ಮುಂದೆ ಸುಳ್ಳು ಹೇಳುತ್ತೀಯಾ ಅಂತ ಕೂಗಿದ. ಮಣ್ಣು ಹಾಕುವ ಹಕ್ಕಿಗೋಸ್ಕರ ಫೋನೇ ಮಾಡದೆ ಕತೆ ಕಟ್ಟುತ್ತಿದ್ದೀಯಾ ಅಂತ ಕೆಂಪ ಕೂಗಿದ. ಸಾವಿನ ಸುದ್ದಿ ಮುಟ್ಟಿಸಲು ಮಾಡಿದ ಕರೆಗಳ ನಡುವೆ ಜವರನ ಹಳೆಯ ಫೋನಿನಿಂದಲೂ ಆ ಕರೆಯ ಗುರುತು ಆಗಲೇ ಅಳಿಸಿಹೋಗಿತ್ತು. ಇಬ್ಬರೂ ನಿಜವೇ ಹೇಳುತ್ತಿದ್ದರು. ಅಷ್ಟು ಜನರಲ್ಲಿ ಅದು ಗೊತ್ತಿದ್ದವನು ನಾನೊಬ್ಬ. ಹಿರಿಯರು ನನ್ನ ಕಡೆ ತಿರುಗಿದರು. ‘ಸ್ವಾಮಿ, ನೀನ್ ಜತೇಲಿದ್ದೋನು. ಫೋನ್ ಬಂತಾ ಇಲ್ವಾ?’

‘ನಾ ಕಾಣೆ ಕಣ್ರಪ್ಪ. ಆ ಗಲಾಟೇಲಿ ನಂಗೇನೂ ಕೇಳ್ನಿಲ್ಲ.’

ಮೊದಲನೆಯದು ಆಟದ ಹುಚ್ಚಿನಲ್ಲಿ ಆಡಿದ ಮಾತು ಅಂತ ಯಾರಾದರೂ ಕರುಣೆ ತೋರಿಸಬಹುದು. ಇದಕ್ಕೆ ಯಾವ ಹುಚ್ಚೂ ಇರಲಿಲ್ಲ. ಹಾಲು ತುಪ್ಪದ ವಾಸನೆಯ ನಡುವೆ, ಹಗಲು ಬೆಳಕಿನಲ್ಲಿ, ಕಣ್ಣು ಬಿಟ್ಟುಕೊಂಡೇ ಹೇಳಿದೆ.

ಅಲ್ಲಿಂದ ಮುಂದೆ ಆ ಎರಡು ಮನೆಗಳ ನಡುವೆ ಮಾತಿಲ್ಲ. ನಾಲೆಯ ನೀರಿನ ಸರದಿಗೂ ಜಗಳ. ಊರಿನವರಂತೂ — ಅಯ್ಯೋ, ನಮ್ಮೂರಿನವರ ಬಾಯಿ! ಯಾರಾದರೂ ಹಾಸಿಗೆ ಹಿಡಿದರೆ ಸಾಕು, ‘ಕೆಂಪನ್ ಫೋನ್ ಆನಲ್ ಅದಾ ನೋಡ್ರಪ್ಪಾ’ ಅಂತ ಅರಳಿಕಟ್ಟೆಯ ಮೇಲೆ ನಗುತ್ತಾರೆ. ಅದು ಇವತ್ತಿಗೂ ನಡೆಯುತ್ತಿದೆ. ಕೆಂಪ ಸಾವಿನ ಮನೆಗೆ ಹೋದರೆ ಬೇಲಿಯಾಚೆ ನಿಲ್ಲುತ್ತಾನೆ. ಚೆಂಡು ಮುಟ್ಟಿಲ್ಲ, ಟೀವಿಯಲ್ಲೂ ಆಟ ನೋಡಿಲ್ಲ. ನಾನು? ನಾನು ಎರಡೂ ಮನೆಯಲ್ಲಿ ಉಣ್ಣುತ್ತೇನೆ. ಅಲ್ಲಿ ಜವರನನ್ನು ಬೈದರೆ ತಲೆಯಾಡಿಸುತ್ತೇನೆ, ಇಲ್ಲಿ ಕೆಂಪನನ್ನು ಬೈದರೆ ‘ಬುಡಣ್ಣೋ’ ಅನ್ನುತ್ತೇನೆ. ಜನ ಫೋನು ಕೆಟ್ಟರೆ ಅಂಗಡಿಗೆ ತಂದು, ಅದರೊಳಗಿನ ಮನೆಮಾತನ್ನೆಲ್ಲ ನನ್ನ ಕೈಗಿಟ್ಟು ಹೋಗುತ್ತಾರೆ, ನಂಬಿಕಸ್ಥ ಅಂತ. ವರ್ಷಕ್ಕೆರಡು ಸಲ ಬೆಂಗಳೂರಿಗೆ ಬಂದು ನಿಮ್ಮ ಜೊತೆ ಕೂಗಿ ಹೋಗುತ್ತೇನೆ.

ಕೆಂಪನ ಮೇಲೂ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಫೋನು ನನ್ನ ಕೈಯಲ್ಲಿತ್ತು ಅಂತ ನಿನಗೆ ಗೊತ್ತಿತ್ತಲ್ಲೋ! ಒಂದೇ ಒಂದು ಸಲ, ತಿಥಿಯ ಮಾರನೆಯ ದಿನ, ‘ಅವತ್ತು ಕಂಪ್ನಿಯೋರ್‍ದು ಅಂದ್ಯಲ್ಲ, ಅದು ಕಂಪ್ನಿಯೋರ್‍ದೇ ತಾನೆ?’ ಅಂತ ಕೇಳಿದ. ‘ಹೂಂ ಕಣ್ಲಾ’ ಅಂದೆ. ಸರಿ ಅಂದು ಎದ್ದುಹೋದ. ಕತ್ತಿನ ಪಟ್ಟಿ ಹಿಡಿದು ಅಲ್ಲಾಡಿಸಿದ್ದರೆ ಅವತ್ತೇ ಬಾಯಿ ಬಿಡುತ್ತಿದ್ದೆನೇನೋ. ಯಾಕೆ ನಂಬಿದೆ ನನ್ನನ್ನು? ಥೂ, ನೋಡಿ, ಮತ್ತೆ ತಪ್ಪನ್ನು ಅವನ ತಲೆಗೇ ಕಟ್ಟುತ್ತಿದ್ದೇನೆ.

ಈಗ ನಿಮ್ಮ ಬ್ಯಾನರಿನ ವಿಷಯಕ್ಕೆ ಬರುತ್ತೇನೆ. ಕೆಂಪನ ಫೋನು ವಾಪಸು ಕೊಡುವ ಮುಂಚೆ ನನ್ನದಕ್ಕೆ ಇಳಿಸಿಕೊಂಡು, ಈಗ ಜಂಭಕ್ಕೆ ಕಳಿಸಿದ ಆ ಫೋಟೋ ನಿಮ್ಮ ಗುಂಪಿನಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಮಳವಳ್ಳಿಯ ಹುಡುಗರಿಗೆ, ಅವರಿಂದ ನಮ್ಮೂರಿಗೆ ಬಂತು. ಹೋದ ವಾರ ಪಿತೃಪಕ್ಷ. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಬಾಡೂಟ ಹಾಕಿದೆವು. ಎರಡೂ ಮನೆಯವರನ್ನು ಕರೆದಿದ್ದೆ. ನನ್ನ ಮನೆಗೆ ಮಾತ್ರ ಇಬ್ಬರೂ ಬರುತ್ತಾರೆ, ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಕೆಂಪ ಮಗಳನ್ನೂ ಕರೆತಂದಿದ್ದ. ಹೈಸ್ಕೂಲು ಹುಡುಗಿ, ನಿಂಗಮ್ಮನ ಹೆಸರನ್ನೇ ಇಟ್ಟಿದ್ದಾನೆ, ಎಲ್ಲರೂ ನಿಂಗಿ ಅನ್ನುತ್ತಾರೆ. ಊಟ ಮುಗಿಸಿ ಕೈ ತೊಳೆಯುವ ಕಡೆ ಜವರ ಅವಳ ಮುಂದೆ ತನ್ನ ಫೋನು ಹಿಡಿದ.

‘ನೋಡವ್ವಾ, ಇದ್ಯಾರು ಗೊತ್ತಾಯ್ತಾ? ನಿಮ್ಮಪ್ಪ. ನೀನ್ ಯಾರ್ ಎಸ್ರು ಇಟ್ಕಂಡಿದ್ಯೋ, ಅವ್ಳು ಬಾಯ್ಗೆ ನೀರಿಲ್ದೆ ಸಾಯೋವಾಗ ಇಂಗ್ ನಗ್ತಿದ್ದ.’

ಹುಡುಗಿ ಫೋಟೋ ನೋಡಿದಳು, ಅಪ್ಪನ ಕಡೆ ತಿರುಗಿದಳು. ‘ಹೌದಾಪ್ಪಾ?’

ಕೆಂಪ ತೊಳೆದ ಕೈಯನ್ನೇ ಮತ್ತೆ ತೊಳೆಯತೊಡಗಿದ. ಫೋಟೋದಲ್ಲಿ ನಗುತ್ತಿದ್ದದ್ದು ಅವನೇ ತಾನೆ? ಅವಳು ಸತ್ತದ್ದು ಅವತ್ತೇ ತಾನೆ? ಇಲ್ಲ ಅನ್ನುವುದಕ್ಕೆ ಅವನ ಹತ್ತಿರ ಏನಿತ್ತು? ನನಗೆ ಕೆಂಡದಂಥ ಕೋಪ ಬಂತು, ಜವರನ ಮೇಲೆ. ‘ಮಕ್ಳ್ ಮುಂದೆ ಏನ್ ಮಾತಾಡ್ತೀಯೋ’ ಅಂತ ಅಂಗಿ ಹಿಡಿದೆ. ಕೆಂಪ ಬಂದು ನನ್ನ ಕೈ ಬಿಡಿಸಿದ. ‘ಬುಡು ಸ್ವಾಮಿ. ನೀನೊಬ್ನಾದ್ರೂ ನನ್ ಪರ ಇದ್ದೀಯಲ್ಲ, ಸಾಕು’ ಅಂದ. ಮಗಳು ಅವನ ಕೈ ಹಿಡಿಯದೆ ಮುಂದೆ ಮುಂದೆ ನಡೆದುಹೋದಳು.

ಮಾರನೆಯ ಬೆಳಿಗ್ಗೆ ಅವನ ಹುಳುಮನೆಗೆ ಹೋದೆ. ಗೂಡು ಕಟ್ಟುವುದಕ್ಕೆ ಮುಂಚೆ ರೇಷ್ಮೆ ಹುಳುವಿಗೆ ವಿಪರೀತ ಹಸಿವು, ಸೊಪ್ಪು ಹಾಕುತ್ತಲೇ ಇರಬೇಕು. ಕೆಂಪ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತಿದ್ದ. ಬಾಗಿಲಲ್ಲೇ ನಿಂತು ಹೇಳಿದೆ. ‘ಜವರ ಫೋನ್ ಮಾಡಿದ್ದ ಕಣ್ಲಾ. ಎತ್ತಿದ್ದು ನಾನು.’ ಅವನ ಕೈ ನಿಲ್ಲಲಿಲ್ಲ. ಪೂರ್ತಿ ಹೇಳಿದೆ — ಅಳಿಸಿದ್ದು, ಆಫ್ ಮಾಡಿದ್ದು, ಅವನ ದನಿ ಮಾಡಿಕೊಂಡು ಮಾತಾಡಿದ್ದು. ಮಳೆ ಹನಿಯುವ ಹಾಗೆ ಹುಳು ಸೊಪ್ಪು ತಿನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಯ ತಟ್ಟೆಗೂ ಸೊಪ್ಪು ಹರಡಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತ ಆಸೆಪಟ್ಟೆ.

‘ಅವ್ಳು ಏನಂದ್ಳು? ಅವ್ಳ್ ಅಂದಂಗೇ ಯೋಳು.’

‘ಬತ್ತಾ ಇದ್ದೀಯೇನ್ಲಾ ಮಗಾ, ಅಂದ್ಳು. ನಾನು ಹೂಂ ಅಂದೆ. ಬಾ, ಕಾಯ್ತಿರ್ತೀನಿ ಅಂದ್ಳು.’

ಇನ್ನೊಂದು ಸಲ ಹೇಳಿಸಿದ. ಆಮೇಲೆ ಗೋಡೆಗೆ ಒರಗಿ ಕೂತ. ‘ಅದ್ ನನ್ ಮಾತು ಕಣ್ಲಾ’ ಅಂದ. ‘ನಂಗ್ ಆಡಿದ್ ಮಾತು. ಇಷ್ಟ್ ದಿನ ನಿನ್ನತ್ರ ಮಡಿಕಂಡಿದ್ಯಾ?’ ಅವನ ದನಿ ಏರಲಿಲ್ಲ. ಎದ್ದ, ಕೈ ತೊಳೆದ. ‘ಜವರ ಸುಳ್ ಯೋಳಿರ್ನಿಲ್ಲ. ಜವರ ಸುಳ್ ಯೋಳಿರ್ನಿಲ್ಲ’ ಅಂತ ತನಗೇ ಹೇಳಿಕೊಂಡ. ‘ನಡಿ. ಅವ್ನ್ ಮುಂದೆ ಯೋಳು.’

ಮಗಳನ್ನೂ ಕರೆದ. ಅಷ್ಟು ವರ್ಷ ದಾಟದ ಅಂಗಳವನ್ನು ದಾಟಿ ಜವರನ ಜಗುಲಿಯ ಮುಂದೆ ನಿಂತ. ಬಿಸಿಲು ಚುರುಗುಟ್ಟುತ್ತಿತ್ತು. ಜವರ, ಅವನ ಹೆಂಡತಿ, ಕೆಂಪ, ನಿಂಗಿ, ಎಲ್ಲರೆದುರಿಗೆ ಮೊದಲಿಂದ ಕೊನೆಯವರೆಗೆ ಮತ್ತೆ ಹೇಳಿದೆ. ಗಂಟಲು ಒಣಗಿ ಎರಡು ಸಲ ಮಾತು ನಿಂತಿತು. ಮುಗಿದ ಮೇಲೆ ಜವರ ನನ್ನನ್ನು ನೋಡಲೂ ಇಲ್ಲ. ಕೆಂಪನ ಮುಖವನ್ನೇ ನೋಡುತ್ತಿದ್ದ. ‘ನಾನು ಏನೇನ್ ಅಂದ್ಬುಟ್ನಲ್ಲೋ ನಿಂಗೆ… ಮಗೀನ್ ಮುಂದೆ…’ ಅಂದ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಎರಡೂ ಕೈಯಲ್ಲಿ ಹಿಡಿದು ಕೆಂಪನಿಗೆ ಕೊಟ್ಟ.

ಕೆಂಪ ಎತ್ತಿ ಕುಡಿದ. ಅರ್ಧ ಕುಡಿದು ಮಗಳಿಗೆ ಕೊಟ್ಟ. ನಿಂಗಿ ಒಂದು ಗುಟುಕು ಕುಡಿದು ಅಪ್ಪನ ತೋಳು ಹಿಡಿದುಕೊಂಡಳು. ಆಗ ಕೆಂಪ ನನ್ನ ಕಡೆ ತಿರುಗಿದ. ‘ಆ ಫೋಟೋವ ಯಾರ್‍ಯಾರ್‍ಗೆ ಕಳ್ಸಿದ್ಯೋ, ಅವ್ರಿಗೆಲ್ಲಾ ಇದ್ನೂ ಕಳ್ಸು. ಒಂದ್ ಮಾತೂ ಬುಡ್ಬೇಡ’ ಅಂದ. ನನ್ನೊಡನೆ ಅವನು ಆಡಿದ ಕೊನೆಯ ಮಾತು ಅದು. ಮುಂದೆ ಆಡುತ್ತಾನೆ ಅನ್ನುವ ಆಸೆ ನನಗಿಲ್ಲ.

ಕಳಿಸುತ್ತಿದ್ದೇನೆ. ಬ್ಯಾನರಿನಿಂದ ಅವನ ಮುಖ ತೆಗೆದುಹಾಕಿ. ಆ ಫೋಟೋವನ್ನು ಎಲ್ಲೆಲ್ಲಿಗೆ ಕಳಿಸಿದ್ದೀರೋ ಅಲ್ಲಿಗೆಲ್ಲ ಈ ಬರಹ ಹೋಗಲಿ, ನನ್ನ ಹೆಸರಿನ ಸಮೇತ. ನಮ್ಮೂರ ಅರಳಿಕಟ್ಟೆಯ ಮೇಲೆ ನಾನೇ ನಿಂತು ಹೇಳುತ್ತೇನೆ. ಯಾರೂ ನನ್ನ ಪರ ಮಾತಾಡಬೇಡಿ.

ಅವತ್ತು ಆ ಅಂಗಳದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಚೊಂಬಿನಲ್ಲಿ ನೀರು ಉಳಿದಿತ್ತು. ಜವರನ ಹೆಂಡತಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಬೇಕಾ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.